ಅಪ್ಪಯ್ಯನ ಕೀ ವಾಚಿಗೆ ಸ್ಮಾರ್ಟ್ ಬಿಲ್ಲೆ: ಕೆಟ್ಟರೆ ಎಲ್ಲಿಂದ ಹುಡುಕಬೇಕು

ಅಪ್ಪಯ್ಯನ ಕೈಯಲ್ಲಿರುವುದು ಎಚ್‌ಎಂಟಿ ಜನತಾ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟಿದ್ದು. ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಟ್ಟು, ರೇಡಿಯೊದ ಪೀಪ್ ಪೀಪ್ ಕೇಳಿ ಮುಳ್ಳು ಸರಿಮಾಡಿದ ಮೇಲೆಯೇ ಅವನಿಗೆ ಬೆಳಗಾಗುವುದು. ಮೊಬೈಲು ಕವಳದ ಸಂಚಿಯಲ್ಲಿ ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಇರುತ್ತದೆ. ಕಿವಿ ಸ್ವಲ್ಪ ಮಂದ. ತೋಟದಲ್ಲಿ ಪಂಪು ಓಡುತ್ತಿದ್ದರೆ ಹತ್ತು ಸಲ ಫೋನ್ ಮಾಡಿದರೂ ಗೊತ್ತಾಗುವುದಿಲ್ಲ. ಸ್ಮಾರ್ಟ್ ವಾಚ್ ಕೊಡಿಸಿದೆ. ಎರಡು ದಿನ ಕಟ್ಟಿ ಕಪಾಟಿನಲ್ಲಿಟ್ಟ. ಹಾಗಾಗಿ ಜನತಾ ವಾಚಿಗೇ ಬುದ್ಧಿ ತುಂಬೋಣ ಅಂತ ಹೊರಟೆ.

ಆನ್‌ಲೈನಿನಲ್ಲಿ ತರಿಸಿದ್ದು ನಾಣ್ಯದಂಥ ಒಂದು ಬಿಲ್ಲೆ. ವಾಚಿನ ಬೆನ್ನಿಗೆ ಅಂಟಿಸಬೇಕು. ಬ್ಲೂಟೂತಿನಲ್ಲಿ ಫೋನಿಗೆ ಸೇರುತ್ತದೆ. ಕರೆ ಬಂದರೆ ಕೈಗೆ ತಟ್ಟುತ್ತದೆ, ಹೆಜ್ಜೆ ಎಣಿಸುತ್ತದೆ. ಹಚ್ಚಿದ ಮೊದಲ ದಿನ ಎಲ್ಲ ಚೆನ್ನಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಅಪ್ಪಯ್ಯ ಜಗುಲಿಯಿಂದ ಕರೆದ. "ತಮಾ, ರೇಡಿಯೋನೇ ಹಿಂದೆ ಬಿದ್ದೋತು ಕಾಣ್ತು."

ರೇಡಿಯೊ ಸರಿಯಾಗಿಯೇ ಇತ್ತು. ವಾಚು ನಾಲ್ಕು ನಿಮಿಷ ಮುಂದೆ ಓಡಿತ್ತು. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಹನ್ನೊಂದು ನಿಮಿಷ. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ಕಲಿತದ್ದನ್ನು, ಆಮೇಲೆ ಕಾರವಾರದ ಗೆಳೆಯನ ವಾಚು ಕಲಿಸಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮದು ಬೆನ್ನಿಗೆ ಅಂಟಿಸುವ ಬಿಲ್ಲೆಯಾಗಲಿ, ಬೆಲ್ಟಿನೊಳಗೆ ಕೂರುವ ಪಟ್ಟಿಯಾಗಲಿ, ಹುಡುಕುವ ದಾರಿ ಒಂದೇ.

ಮೊದಲು ಎರಡನ್ನೂ ಬೇರೆ ಮಾಡಿ

ವಾಚು ಬೇರೆ, ಬಿಲ್ಲೆ ಬೇರೆ. ಎರಡೂ ಒಟ್ಟಿಗಿರುವಾಗ ಯಾವುದು ಕೆಟ್ಟಿದೆ ಅಂತ ಯಾರಿಂದಲೂ ಹೇಳಲಿಕ್ಕಾಗುವುದಿಲ್ಲ. ಬಿಲ್ಲೆ ತೆಗೆದು ವಾಚನ್ನು ಒಂದು ಪೂರ್ತಿ ದಿನ ಒಂಟಿಯಾಗಿ ಓಡಿಸಿ. ಆಗಲೂ ತೊಂದರೆ ಹಾಗೇ ಇದ್ದರೆ ಅದು ವಾಚಿನೊಳಗೆ ಇಳಿದಿದೆ, ಇಲ್ಲವೇ ಕಾರಣ ಹೊರಗೆ ಬೇರೆಲ್ಲೋ ಇದೆ. ತಕ್ಷಣ ಸರಿಹೋದರೆ ಬಿಲ್ಲೆ ಅಥವಾ ಅದನ್ನು ಕೂರಿಸಿದ ಜಾಗ ಕಾರಣ.

ತೆಗೆಯುವಾಗ ಚಾಕು, ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಹಳೆ ವಾಚುಗಳಲ್ಲಿ ಎಷ್ಟೋ ಮುಚ್ಚಳ ಒತ್ತಿ ಕೂರಿಸಿದಂಥವು. ಬಿಲ್ಲೆಯ ಜೊತೆ ಮುಚ್ಚಳವೇ ಎದ್ದು ಬರುತ್ತದೆ. ಹಲ್ಲಿನ ಸಂದಿಗೆ ಬಳಸುವ ದಾರ ಅಥವಾ ಗಟ್ಟಿ ನೈಲಾನ್ ದಾರವನ್ನು ಬಿಲ್ಲೆ ಮತ್ತು ಮುಚ್ಚಳದ ನಡುವೆ ಹಾಕಿ ಗರಗಸದ ಹಾಗೆ ಎಳೆಯಿರಿ. ಅಂಟು ಕೊಯ್ದುಕೊಂಡು ಬರುತ್ತದೆ.

ಇನ್ನೊಂದು ಕೆಲಸ, ಒಂದು ಹಳೆ ನೋಟ್‌ಬುಕ್ಕು ಇಟ್ಟುಕೊಳ್ಳಿ. ಬೆಳಿಗ್ಗೆ ಒಂದೇ ಹೊತ್ತಿಗೆ ಫೋನಿನ ಗಡಿಯಾರಕ್ಕೆ ಹೋಲಿಸಿ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಬರೆಯಿರಿ. ರಾತ್ರಿ ಎಲ್ಲಿಟ್ಟಿರಿ, ಹಗಲು ಏನು ಕೆಲಸ ಮಾಡಿದಿರಿ, ಅದನ್ನೂ. ಇದು ಬೇಸರದ ಕೆಲಸ ಹೌದು. ಆದರೆ ಕಾರವಾರದ ದೋಷ ಸಿಕ್ಕಿದ್ದು ಪುಸ್ತಕದಿಂದಲೇ, ಯಾವ ಉಪಕರಣದಿಂದಲೂ ಅಲ್ಲ. ಮುಂದೆ ಹೇಳುತ್ತೇನೆ.

ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೆ ಹಳೆ ಕೀ ವಾಚಿಗೆ ಅದು ದೋಷವೇ ಅಲ್ಲ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 30 ತಪ್ಪಿದರೆ ಬಿಟ್ಟುಬಿಡಿ. ಸೆಲ್ ಹಾಕಿ ಓಡಿಸುವ ಕ್ವಾರ್ಟ್ಜ್ ವಾಚಿನ ಲೆಕ್ಕ ಬೇರೆ. ಅದು ತಿಂಗಳಿಗೆ ಅರ್ಧ ನಿಮಿಷ ತಪ್ಪಿದರೇ ಜಾಸ್ತಿ.

ಕೀ ವಾಚು ಮುಂದೆ ಓಡುತ್ತಿದ್ದರೆ

ನಿಮಿಷಗಟ್ಟಲೆ ಮುಂದೆ ಓಡುತ್ತಿದೆ, ಅದೂ ಇದ್ದಕ್ಕಿದ್ದ ಹಾಗೆ ಶುರುವಾಗಿದೆ ಅಂದರೆ ಮೊದಲು ಅಯಸ್ಕಾಂತವನ್ನೇ ಅನುಮಾನಿಸಿ.

ಕಾರಣ ಹೀಗೆ. ಕೀ ವಾಚಿನ ಹೊತ್ತು ಕಾಯುವುದು ಬ್ಯಾಲೆನ್ಸ್ ಚಕ್ರ. ಅದನ್ನು ಹಿಂದೆ ಮುಂದೆ ತೂಗಿಸುವುದು ಕೂದಲೆಳೆಯಷ್ಟು ತೆಳ್ಳಗಿನ, ಚಕ್ಕುಲಿಯ ಹಾಗೆ ಸುತ್ತಿದ ಒಂದು ಸ್ಪ್ರಿಂಗು. ಅದಕ್ಕೆ ಹೇರ್‌ಸ್ಪ್ರಿಂಗ್ ಅಂತಲೇ ಹೆಸರು. ಜನತಾದಲ್ಲಿ ಈ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು ಟಿಕ್. ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗಿನ ಉದ್ದ ಕಡಿಮೆಯಾದಂತೆ. ಗಿಡ್ಡ ಹಗ್ಗದ ಜೋಕಾಲಿ ಬೇಗ ಬೇಗ ತೂಗುತ್ತದಲ್ವಾ, ಚಕ್ರವೂ ಬೇಗ ಬೇಗ ತೂಗುತ್ತದೆ. ವಾಚು ಮುಂದೆ ಓಡುತ್ತದೆ. ಅಯಸ್ಕಾಂತವನ್ನು ದೂರ ಮಾಡಿದರೂ ಸ್ಪ್ರಿಂಗಿಗೆ ಹಿಡಿದದ್ದು ಬಿಡುವುದಿಲ್ಲ. ಬಿಲ್ಲೆ ಕಿತ್ತ ಮೇಲೂ ಅಪ್ಪಯ್ಯನ ವಾಚು ಹನ್ನೊಂದು ನಿಮಿಷ ಓಡುತ್ತಲೇ ಇತ್ತು.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳಬೇಕು. ಮುಚ್ಚಳ ತೆಗೆದರೆ ಬ್ಯಾಲೆನ್ಸ್ ಚಕ್ರದ ಮೇಲೆ ಒಂದು ಸಣ್ಣ ಕಡ್ಡಿ ಕಾಣುತ್ತದೆ. ಒಂದು ಕಡೆ ಸರಿಸಿದರೆ ವೇಗ, ಇನ್ನೊಂದು ಕಡೆ ನಿಧಾನ. ನಾನು ಅದನ್ನು ನಿಧಾನದ ಕಡೆ ಸರಿಸಿದೆ. ವಾಚು ಸುಮಾರಾಗಿ ಸರಿಹೋಯಿತು. ಶಾಣ್ಯಾ ಆದೆ ಅಂದುಕೊಂಡೆ. ಮರುವಾರ ಅಯಸ್ಕಾಂತದ ದೋಷ ನಿಜವಾಗಿ ಹೋದಾಗ ವಾಚು ದಿನಕ್ಕೆ ಒಂಬತ್ತು ನಿಮಿಷ ಹಿಂದೆ ಬೀಳಲು ಶುರುಮಾಡಿತು. ರೋಗ ಗೊತ್ತಾಗುವ ಮೊದಲೇ ಔಷಧಿ ಕೊಟ್ಟ ಹಾಗೆ. ಕಡ್ಡಿಯನ್ನು ಮೊದಲಿನ ಜಾಗಕ್ಕೆ ತರಲು ಶಿರಸಿ ಪೇಟೆಯ ವಾಚ್ ರಿಪೇರಿಯವರ ಹತ್ತಿರವೇ ಹೋಗಬೇಕಾಯಿತು. ಆ ಕಡ್ಡಿಯ ಪಕ್ಕದಲ್ಲೇ ಹೇರ್‌ಸ್ಪ್ರಿಂಗ್ ಇರುತ್ತದೆ. ಕೈ ಜಾರಿದ್ದರೆ ಅದರ ಕಥೆ ಮುಗಿಯುತ್ತಿತ್ತು. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿದೆ. ಈಗ ಬಿಡಿಭಾಗ ಬೇಕಾದರೆ ಇನ್ನೊಂದು ಹಳೆ ವಾಚನ್ನೇ ಬಿಚ್ಚಬೇಕು. ಹಾಗಾಗಿ ನನ್ನ ಮಾತು ಕೇಳಿ, ಮುಚ್ಚಳ ತೆಗೆಯಬೇಡಿ. ಹೊರಗಿನಿಂದ ಮಾಡುವ ಪರೀಕ್ಷೆಗಳೇ ಸಾಕಷ್ಟಿವೆ.

ಮೊದಲನೆಯದು ದಿಕ್ಸೂಚಿ. ಮಕ್ಕಳ ವಿಜ್ಞಾನದ ಪೆಟ್ಟಿಗೆಯಲ್ಲಿ ಬರುವ ಚಿಕ್ಕದು ಸಾಕು. ಫೋನಿನ ದಿಕ್ಸೂಚಿಯೂ ಆದೀತು, ಆದರೆ ಮ್ಯಾಗ್ನೆಟ್ ಇರುವ ಫೋನ್ ಕವರ್ ತೆಗೆಯಿರಿ. ವಾಚಿನ ಬೆಲ್ಟನ್ನೂ ಬಿಚ್ಚಿಡಿ. ಸ್ಟೀಲಿನ ಕೊಂಡಿ ಮುಳ್ಳನ್ನು ಎಳೆದರೆ ವಾಚಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಟ್ಟು, ಮುಳ್ಳು ನಿಂತ ಮೇಲೆ ಓಡುತ್ತಿರುವ ವಾಚನ್ನು ಅದರ ಪಕ್ಕ ನಿಧಾನಕ್ಕೆ ತನ್ನಿ, ಸುತ್ತ ಆಡಿಸಿ. ಮುಳ್ಳು ಎದ್ದುಬಿದ್ದು ತಿರುಗಿದರೆ, ಅಥವಾ ಟಿಕ್ ಟಿಕ್‌ಗೆ ಸರಿಯಾಗಿ ನಡುಗಿದರೆ ಅಯಸ್ಕಾಂತ ಹಿಡಿದಿದೆ.

ಎರಡನೆಯದು ಕಿವಿ. ನಿಮ್ಮ ಕಿವಿಯಲ್ಲ, ಫೋನಿನ ಮೈಕು. ಟೈಮ್‌ಗ್ರಾಫರ್ ಅಂತ ಹುಡುಕಿದರೆ ಪುಕ್ಕಟೆ ಆ್ಯಪ್‌ಗಳು ಸಿಗುತ್ತವೆ. ವಾಚನ್ನು ಮೈಕಿನ ಹತ್ತಿರ ಒತ್ತಿ ಹಿಡಿದರೆ ಟಿಕ್‌ಗಳನ್ನು ಕೇಳಿ ದಿನಕ್ಕೆ ಎಷ್ಟು ಸೆಕೆಂಡು ಓಡುತ್ತದೆ ಅಂತ ತೋರಿಸುತ್ತದೆ. ಜೂನ್, ಜುಲೈನಲ್ಲಿ ನಮ್ಮ ಕಡೆ ಇದೊಂದು ಕಷ್ಟ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಆ್ಯಪಿಗೆ ಏನೂ ಕೇಳುವುದಿಲ್ಲ. ನಾನು ಕಂಬಳಿ ಹೊದ್ದು ಅದರೊಳಗೆ ಕೂತು ಅಳೆದೆ. ಆಯಿ ನೋಡಿ ಜ್ವರ ಬಂತೇನೋ ಅಂದುಕೊಂಡಳು. ಆ್ಯಪ್ ಬೇಡವಾದರೂ ಲೆಕ್ಕ ಹಾಕಬಹುದು. ದಿನಕ್ಕೆ 11 ನಿಮಿಷ ಅಂದರೆ ಗಂಟೆಗೆ 27 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಒಂದು ಗಂಟೆ ಕಾದರೆ ಬರಿಗಣ್ಣಿಗೇ ಕಾಣುತ್ತದೆ, ದಿನವಿಡೀ ಕಾಯಬೇಕಾಗಿಲ್ಲ.

ಅಯಸ್ಕಾಂತ ಹಿಡಿದಿದ್ದರೆ ಪರಿಹಾರ ಸುಲಭ. ಡಿಮ್ಯಾಗ್ನೆಟೈಸರ್ ಅನ್ನುವ ಸಣ್ಣ ಪೆಟ್ಟಿಗೆ ಬೇಕು. ವಾಚ್ ರಿಪೇರಿ ಮಾಡುವವರಲ್ಲಿ ಇರುತ್ತದೆ. ಎರಡು ನಿಮಿಷದ ಕೆಲಸ. ಮನೆಯಲ್ಲೇ ಮಾಡುವವರು ಒಂದು ವಿಷಯ ನೆನಪಿಡಿ. ಗುಂಡಿ ಒತ್ತಿ ವಾಚನ್ನು ಹತ್ತಿರ ಹಿಡಿದು, ಗುಂಡಿ ಒತ್ತಿಕೊಂಡೇ ವಾಚನ್ನು ನಿಧಾನವಾಗಿ ಒಂದು ಮೊಳಕ್ಕಿಂತ ದೂರ ಎಳೆಯಬೇಕು. ಆಮೇಲೆ ಗುಂಡಿ ಬಿಡಬೇಕು. ಹತ್ತಿರ ಇರುವಾಗಲೇ ಬಿಟ್ಟರೆ ಇದ್ದದ್ದಕ್ಕಿಂತ ಜಾಸ್ತಿ ಹಿಡಿಸಿದಂತೆ ಆಗಬಹುದು. ಬಿಲ್ಲೆಯನ್ನು ಮೊದಲೇ ತೆಗೆದು ದೂರ ಇಡಿ. ಕ್ವಾರ್ಟ್ಜ್ ವಾಚಿಗೆ ಈ ಉಪಚಾರ ಬೇಡ. ಅದರೊಳಗೆ ಬೇಕೆಂದೇ ಇಟ್ಟ ಒಂದು ಅಯಸ್ಕಾಂತ ಇರುತ್ತದೆ.

ಅಯಸ್ಕಾಂತ ಬಂದದ್ದೆಲ್ಲಿಂದ?

ವಾಸಿಯಾದ ಮೇಲೆ ಮೂಲ ಹುಡುಕದಿದ್ದರೆ ಹದಿನೈದು ದಿನಕ್ಕೆ ಮತ್ತೆ ಅದೇ ಗೋಳು. ಬಿಲ್ಲೆಯೇ ಕಾರಣ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ದಿಕ್ಸೂಚಿಗೆ ಬಿಲ್ಲೆ ತಾಗಿಸಿದೆ. ಮುಳ್ಳು ಸ್ವಲ್ಪ ಸರಿಯಿತು, ಅಷ್ಟೇ. ಕೈಗೆ ತಟ್ಟುವ ಪುಟ್ಟ ಮೋಟರಿನೊಳಗೆ ಅಯಸ್ಕಾಂತ ಇರುವುದರಿಂದ ಅಷ್ಟಾಗುವುದು ಸಹಜ. ಆಮೇಲೆ ಸುಮ್ನೆ ಚಾರ್ಜರನ್ನು ಹತ್ತಿರ ತಂದೆ. ಒಂದು ಗೇಣು ದೂರದಲ್ಲೇ ಮುಳ್ಳು ಗಿರ್ರನೆ ತಿರುಗಿ ನಿಂತಿತು.

ಈ ಬಿಲ್ಲೆಗಳ ಚಾರ್ಜರಿನಲ್ಲಿ ಬಿಗಿಯಾಗಿ ಹಿಡಿದುಕೊಳ್ಳಲಿ ಅಂತ ಗಟ್ಟಿ ಅಯಸ್ಕಾಂತ ಇಟ್ಟಿರುತ್ತಾರೆ. ಬಿಲ್ಲೆ ವಾಚಿನ ಬೆನ್ನಿಗೆ ಅಂಟಿಕೊಂಡಿತ್ತಲ್ಲ. "ರಾತ್ರಿ ವಾಚನ್ನೇ ಇದರ ಮೇಲೆ ಇಡು" ಅಂತ ಅಪ್ಪಯ್ಯನಿಗೆ ಹೇಳಿಕೊಟ್ಟವನು ನಾನೇ. ಪ್ರತಿ ರಾತ್ರಿ ಎಂಟು ತಾಸು ಹೇರ್‌ಸ್ಪ್ರಿಂಗಿನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಅಯಸ್ಕಾಂತ. ದಿನದಿಂದ ದಿನಕ್ಕೆ ದೋಷ ಬೆಳೆದದ್ದು ಯಾಕೆ ಅಂತ ಆಗ ತಿಳಿಯಿತು. ದಿನಾ ರಾತ್ರಿ ಇಡುವಾಗ ಸ್ವಲ್ಪ ಆಚೀಚೆ ಆಗುತ್ತದೆ. ಒಂದು ರಾತ್ರಿ ಸರಿಯಾಗಿ ಸ್ಪ್ರಿಂಗಿನ ಅಡಿಗೇ ಬಂದಿರಬೇಕು.

ಅಯಸ್ಕಾಂತದ ಬಲ ದೂರ ಹೋದಂತೆ ತುಂಬಾ ಬೇಗ ಇಳಿಯುತ್ತದೆ. ಸಣ್ಣ ಅಯಸ್ಕಾಂತದಿಂದ ದೂರ ಎರಡು ಪಟ್ಟಾದರೆ ಬಲ ಸುಮಾರು ಎಂಟರಲ್ಲಿ ಒಂದು ಪಾಲಾಗುತ್ತದೆ. ಹಾಗಾಗಿ ಪರಿಹಾರ ಅಂದರೆ ದೂರ ಇಡುವುದು, ಅಷ್ಟೇ. ಶಿರಸಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ, ಬೆಲ್ಟಿನ ಕೆಳಭಾಗಕ್ಕೆ ಅಂದರೆ ನಾಡಿ ಹಿಡಿಯುವ ಕಡೆಗೆ ಒಂದು ಸಣ್ಣ ಚರ್ಮದ ಕಿಸೆ ಹೊಲಿಸಿದೆ. ಬಿಲ್ಲೆ ಈಗ ಅದರೊಳಗಿದೆ. ಚಾರ್ಜಿಗೆ ಬಿಲ್ಲೆಯನ್ನಷ್ಟೇ ತೆಗೆದು ಅಡುಗೆಮನೆಯ ಗೂಡಿನಲ್ಲಿಡುತ್ತೇವೆ, ವಾಚು ದೇವರ ಕೋಣೆಯ ಮೊಳೆಗೆ. ಸಾದಾ ವಾಚಿಗೆ ಬುದ್ಧಿ ತುಂಬಲು ಮೊಂಟ್‌ಬ್ಲಾಂಕ್ ಕಂಪನಿ 2015ರಲ್ಲಿ ತಂದ ಇ-ಸ್ಟ್ರ್ಯಾಪ್, ಸೋನಿಯ ವೆನಾ, ಎರಡರಲ್ಲೂ ಎಲೆಕ್ಟ್ರಾನಿಕ್ಸ್ ಇದ್ದದ್ದು ಬೆಲ್ಟಿನಲ್ಲೇ, ವಾಚಿನ ಬೆನ್ನಿಗಲ್ಲ. ಅವರ ಕಾರಣ ಏನೇ ಇರಲಿ, ನನ್ನ ಕಾರಣ ಇದು.

ಕಿಸೆ ಹೊಲಿಸುವ ಮೊದಲು ಬೆಲ್ಟಿನ ಅಗಲ ಅಳೆಯಿರಿ. ಹಳೆ ವಾಚುಗಳಿಗೆ ಹೆಚ್ಚಾಗಿ 18 ಮಿಲಿಮೀಟರಿನದು. ಈಗಿನ 20, 22ರ ಬೆಲ್ಟನ್ನು ಒತ್ತಾಯದಿಂದ ತುರುಕಿದರೆ ಪಿನ್ನು ಬಾಗಿ, ತೋಟದಲ್ಲಿ ಎಲ್ಲೋ ವಾಚೇ ಬಿದ್ದುಹೋದೀತು.

ದಿಕ್ಸೂಚಿಯ ಮುಳ್ಳು ಅಲ್ಲಾಡಲೇ ಇಲ್ಲ, ಆದರೂ ವಾಚು ಮುಂದೆ ಓಡುತ್ತದೆ ಅನ್ನಿ. ಆಗ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿ ಸುತ್ತುಗಳು ಅಂಟಿರಬಹುದು. ಎಲ್ಲೋ ಬಿದ್ದು ಸುತ್ತುಗಳು ಒಂದರ ಮೇಲೊಂದು ಸಿಕ್ಕಿಕೊಂಡಿರಬಹುದು. ಎರಡೂ ರಿಪೇರಿಯವರ ಕೆಲಸ. ಹಿಂದೆ ಬೀಳುತ್ತಿದ್ದರೆ, ಕೀ ಕೊಟ್ಟರೂ ರಾತ್ರಿಯೊಳಗೆ ನಿಲ್ಲುತ್ತಿದ್ದರೆ, ಹೆಚ್ಚಾಗಿ ಒಳಗಿನ ಎಣ್ಣೆ ಒಣಗಿದೆ. ಅದು ಬಿಲ್ಲೆಯ ತಪ್ಪಲ್ಲ. ಸರ್ವಿಸ್ ಮಾಡಿಸಿ ಎಷ್ಟು ವರ್ಷವಾಯಿತು ಅಂತ ಕೇಳಿಕೊಳ್ಳಿ.

ಕ್ವಾರ್ಟ್ಜ್ ವಾಚು ಹಿಂದೆ ಬೀಳುತ್ತಿದ್ದರೆ

ಕಾರವಾರದ ಗೆಳೆಯ ಬೈತಖೋಲ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾನೆ. ನನ್ನ ಮಾತು ಕೇಳಿ ಅವನೂ ಅಂಥದೇ ಬಿಲ್ಲೆ ತನ್ನ ಸೆಲ್ ವಾಚಿಗೆ ಹಾಕಿದ. ಅವನದು ಮುಂದೆ ಓಡಲಿಲ್ಲ. ಒಂದು ದಿನ ಇಪ್ಪತ್ತು ನಿಮಿಷ ಹಿಂದೆ, ಮರುದಿನ ಐದು, ಆಮೇಲೆ ಎರಡು ದಿನ ಸರಿ. "ಎಂತ ಮಾರಾಯಾ, ನಿನ್ನ ಬಿಲ್ಲೆ ನನ್ನ ವಾಚ್ ತಿಂದು ಹಾಕ್ತು" ಅಂತ ಫೋನಿನಲ್ಲಿ ಬೈದ.

ಮೊದಲು ಸೆಲ್ ನೋಡಲು ಹೇಳಿದೆ. ಸೆಲ್ ಮುಗಿಯುತ್ತಾ ಬಂದರೆ ಹಲವು ಕ್ವಾರ್ಟ್ಜ್ ವಾಚುಗಳಲ್ಲಿ ಸೆಕೆಂಡ್ ಮುಳ್ಳು ಒಂದೊಂದೇ ಹೆಜ್ಜೆ ಇಡುವುದು ಬಿಟ್ಟು ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಅವನದು ಜಿಗಿಯುತ್ತಿರಲಿಲ್ಲ. ಸೆಲ್ ಹೊಸದೇ. ಆಮೇಲೆ ಚಾರ್ಜರ್. ಅವನು ಬಿಲ್ಲೆ ಬಿಡಿಸಿಯೇ ಚಾರ್ಜ್ ಮಾಡುತ್ತಿದ್ದ. ಬಿಲ್ಲೆ ತೆಗೆದು ಮೂರು ದಿನ ಕಟ್ಟಿದ, ಆಗಲೂ ಹಿಂದೆ ಬಿತ್ತು.

ಕೊನೆಗೆ ಪುಸ್ತಕ ಬರೆಯಲು ಹೇಳಿದೆ. ಬೈದುಕೊಂಡೇ ಬರೆದ. ಎರಡು ವಾರದ ಪುಟ ವಾಟ್ಸಾಪಿನಲ್ಲಿ ಕಳಿಸಿದ ಕೂಡಲೇ ಕಂಡಿತು. ರಜೆಯ ಭಾನುವಾರಗಳಲ್ಲಿ ವಾಚು ಸರಿಯಾಗಿತ್ತು. ಹಿಂದೆ ಬಿದ್ದದ್ದೆಲ್ಲ ಎಂಜಿನ್ ಬಿಚ್ಚಿದ ದಿನ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡಕ್ಕೆ ಬಂದಿರುತ್ತವೆ, ಅವನಿಗೆ ಕೈತುಂಬ ಕೆಲಸ. ಬಿಲ್ಲೆ ಹಾಕಿದ್ದು ಮೇ ಕೊನೆಗೆ, ಕೆಲಸ ಹೆಚ್ಚಿದ್ದು ಜೂನಿಗೆ. ಹಾಗಾಗಿ ಬಿಲ್ಲೆಯ ಮೇಲೆ ಅನುಮಾನ. ನಿಜವಾದ ಕಳ್ಳ ಬೋಲ್ಟು, ನಟ್ಟು ಬೀಳದಿರಲಿ ಅಂತ ಅವನು ಎಡಗೈ ಪಕ್ಕದಲ್ಲೇ ಇಟ್ಟುಕೊಳ್ಳುವ ಮ್ಯಾಗ್ನೆಟ್ ತಟ್ಟೆ.

ಕ್ವಾರ್ಟ್ಜ್ ವಾಚಿನೊಳಗೆ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಎಣಿಸಿ ಸರ್ಕ್ಯೂಟು ಸೆಕೆಂಡಿಗೊಂದು ತಟ್ಟು ಕೊಡುತ್ತದೆ. ಆ ತಟ್ಟಿಗೆ ಮುಳ್ಳು ತಿರುಗಿಸುವ ಪುಟ್ಟ ಮೋಟರಿನ ನಡುವೆ ಒಂದು ಚಿಕ್ಕ ಅಯಸ್ಕಾಂತ. ಹೊರಗಿನಿಂದ ದೊಡ್ಡ ಅಯಸ್ಕಾಂತ ಹತ್ತಿರ ಬಂದರೆ ಅದು ತಿರುಗಲಾಗದೆ ನಿಂತುಬಿಡುತ್ತದೆ. ಎಣಿಕೆ ಸರಿಯಾಗಿಯೇ ನಡೆದಿರುತ್ತದೆ, ಮುಳ್ಳು ಮಾತ್ರ ಕದಲಿರುವುದಿಲ್ಲ. ಕೈ ದೂರ ತೆಗೆದರೆ ಏನೂ ಆಗದ ಹಾಗೆ ಮತ್ತೆ ಓಡುತ್ತದೆ.

ಇಲ್ಲಿಂದ ಒಳ್ಳೆಯ ಗುರುತು ಸಿಗುತ್ತದೆ. ಅಯಸ್ಕಾಂತ ದೂರವಾದರೂ ಮುಂದೆ ಓಡುವುದು ನಿಲ್ಲದಿದ್ದರೆ ಅದು ಕೀ ವಾಚಿನ ದೋಷ. ನಿಂತು ನಿಂತು ಓಡಿ, ತಾನಾಗಿ ಸರಿಹೋದರೆ ಕ್ವಾರ್ಟ್ಜಿನದು. ಎರಡನೆಯದಕ್ಕೆ ರಿಪೇರಿ ಬೇಕಾಗಿಲ್ಲ. ಗೆಳೆಯ ಈಗ ವಾಚನ್ನು ಬಲಗೈಗೆ ಕಟ್ಟುತ್ತಾನೆ.

ಕರೆ ಬಂದರೂ ಕೈಗೆ ತಟ್ಟದಿದ್ದರೆ

ಬಿಲ್ಲೆ ಬೆನ್ನಿಗಿದ್ದಾಗ ಅದರ ಒಂದು ಕಡೆ ಸ್ಟೀಲಿನ ಮುಚ್ಚಳ, ಇನ್ನೊಂದು ಕಡೆ ನೀರು ತುಂಬಿದ ನಮ್ಮ ಕೈ. ಬ್ಲೂಟೂತಿನ 2.4 ಗಿಗಾಹರ್ಟ್ಜ್ ಅಲೆಗೆ ಲೋಹ ಗೋಡೆ ಇದ್ದ ಹಾಗೆ, ನೀರು ಅದನ್ನು ಹೀರಿಕೊಳ್ಳುತ್ತದೆ. ಸಿಗ್ನಲ್ ಅಂಚಿನಿಂದ ನುಸುಳಿ ಹೊರಗೆ ಬರಬೇಕು. ಹತ್ತು ಮೀಟರ್ ಅಂತ ಡಬ್ಬದ ಮೇಲೆ ಬರೆದಿದ್ದರೆ ನಮಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ವಾಚು ಎಡಗೈಯಲ್ಲಿ, ಸಂಚಿ ಬಲ ಸೊಂಟದಲ್ಲಿ ಇದ್ದರೆ ನಡುವೆ ಇಡೀ ಮೈಯೇ ಅಡ್ಡ. ಸಂಚಿಯನ್ನು ಎಡಕ್ಕೆ ಸಿಕ್ಕಿಸಿದ ಮೇಲೆ ಅಪ್ಪಯ್ಯನಿಗೆ ಅರ್ಧ ಕರೆ ತಪ್ಪುವುದು ನಿಂತಿತು.

ಉಳಿದರ್ಧ? ವಾಚನ್ನು ಬಿಚ್ಚಿ ಮರದ ಮಣೆಯ ಮೇಲಿಡಿ, ಫೋನನ್ನು ಒಂದು ಮೀಟರ್ ದೂರದಲ್ಲಿಡಿ. ಇನ್ನೊಂದು ಫೋನಿನಿಂದ ಕರೆ ಮಾಡಿ. ಈಗ ತಟ್ಟಿದರೆ ಕಟ್ಟುವ ಜಾಗದ ತೊಂದರೆ. ಈಗಲೂ ತಟ್ಟದಿದ್ದರೆ ಫೋನಿನೊಳಗೆ ಹುಡುಕಿ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಫೋನುಗಳು ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಬಿಲ್ಲೆಯ ಆ್ಯಪಿಗೆ ಬ್ಯಾಟರಿ ಸೆಟ್ಟಿಂಗಿನಲ್ಲಿ ನಿರ್ಬಂಧ ತೆಗೆಯಬೇಕು. ನೋಟಿಫಿಕೇಶನ್ ಓದುವ ಅನುಮತಿಯೂ ಬೇಕು. ಫೋನು ಅಪ್‌ಡೇಟ್ ಆದ ಮೇಲೆ ಎರಡನ್ನೂ ಇನ್ನೊಮ್ಮೆ ನೋಡಿ.

ನಮ್ಮಲ್ಲಿ ಇನ್ನೊಂದು ತಮಾಷೆ ಇದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆಗ ಫೋನಿಗೇ ಕರೆ ಬರುವುದಿಲ್ಲ, ಬಿಲ್ಲೆ ಎಲ್ಲಿಂದ ತಟ್ಟೀತು? ಬಿಲ್ಲೆಗೂ ಫೋನಿಗೂ ನಡುವಿನ ಸಂಬಂಧಕ್ಕೆ ನೆಟ್‌ವರ್ಕ್ ಬೇಡ. ಫೋನಿನಲ್ಲಿ ಎರಡು ನಿಮಿಷಕ್ಕೆ ಅಲಾರಂ ಇಟ್ಟು, ಅದನ್ನು ಬಿಲ್ಲೆಗೆ ಕಳಿಸುವ ಹಾಗೆ ಮಾಡಿ ನೋಡಿ. ಅಲಾರಂ ತಟ್ಟಿದರೆ ಬಿಲ್ಲೆ ಸರಿ ಇದೆ, ಟವರಿಗೆ ಕಾಯಿರಿ.

ಚಾರ್ಜ್ ಹತ್ತದಿದ್ದರೆ

ಇದು ಘಟ್ಟದ ಮೇಲಿಗಿಂತ ಕರಾವಳಿಯ ದೋಷ. ಬೆವರಿನಲ್ಲೂ ಉಪ್ಪು, ಗಾಳಿಯಲ್ಲೂ ಉಪ್ಪು. ಬಿಲ್ಲೆಯ ಕೆಳಗಿನ ಚಾರ್ಜಿಂಗ್ ಚುಕ್ಕಿಗಳ ಮೇಲೆ ಉಪ್ಪುನೀರು ಇರುವಾಗಲೇ ಚಾರ್ಜಿಗಿಟ್ಟರೆ ಕರೆಂಟು ಹರಿದು ಮೇಲಿನ ತೆಳು ಲೇಪ ಕರಗುತ್ತದೆ. ಅಡಿಯ ತಾಮ್ರ ಹಸಿರುಗಟ್ಟುತ್ತದೆ. ಬೈತಖೋಲದ ಗೆಳೆಯನದು ಎರಡೇ ತಿಂಗಳಿಗೆ ಹಳೆ ತಾಮ್ರದ ಹಂಡೆಯ ಬಣ್ಣಕ್ಕೆ ಬಂದಿತ್ತು.

ಹಸಿರನ್ನು ಚಾಕುವಿನಿಂದ ಕೆರೆಯಬೇಡಿ, ಉಳಿದ ಲೇಪವೂ ಹೋಗುತ್ತದೆ. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಚಾರ್ಜರಿನ ಸ್ಪ್ರಿಂಗ್ ಪಿನ್ನುಗಳನ್ನೂ ಒರೆಸಿ, ಅವು ಒಳಗೆ ಸಿಕ್ಕಿಕೊಂಡಿದ್ದರೆ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಡಿ. ಇನ್ನು ಮುಂದೆ ಕೈಗೆ ಕಟ್ಟಿದ್ದನ್ನು ಬಿಚ್ಚಿದ ಕೂಡಲೇ ಚಾರ್ಜಿಗಿಡುವ ಅಭ್ಯಾಸ ಬಿಡಿ. ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ. ನೀರು, ಧೂಳು ತಡೆಯುತ್ತದೆ ಅನ್ನುವ ಐಪಿ 68 ಗುರುತು ಬರೆದಿದ್ದರೂ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಸಮುದ್ರದಲ್ಲಲ್ಲ.

ಬಿಲ್ಲೆಯನ್ನು ಬೆನ್ನಿಗೇ ಅಂಟಿಸಿದವರು ತಿಂಗಳಿಗೊಮ್ಮೆ ತೆಗೆದು ಅದರ ಅಡಿ ನೋಡಿ. ಎರಡರ ನಡುವಿನ ಸಂದಿಯಲ್ಲಿ ಬೆವರು ಕೂತು ಸ್ಟೀಲಿನಲ್ಲೂ ಚುಕ್ಕೆ ಬೀಳುತ್ತದೆ.

ಉಳಿದ ಸಣ್ಣಪುಟ್ಟವು

ಗಾಜಿನ ಒಳಗೆ ಹಬೆ ಕಟ್ಟಿದೆ ಅಂದರೆ ಯಾರೋ ಮುಚ್ಚಳ ತೆಗೆದಿರಬಹುದು, ವಾಷರ್ ಸರಿಯಾಗಿ ಕೂತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಆ ಯಾರೋ ನಾನೇ. ಅಪ್ಪಯ್ಯ ಅದನ್ನು ಹೊಡತ್ಲಿನ ಬೆಂಕಿಯ ಹತ್ತಿರ ಇಡಲು ಹೊರಟಿದ್ದ, ತಡೆದೆ. ಬಿಸಿಗೆ ಎಣ್ಣೆ ಹರಿದು ಹೋಗಬಾರದ ಕಡೆ ಹೋಗುತ್ತದೆ. ಹಬೆ ಕಂಡ ದಿನವೇ ರಿಪೇರಿಯವರಿಗೆ ಕೊಡಿ. ಡಯಲಿನ ಮೇಲೆ 30 ಮೀಟರ್ ಅಂತ ಇದ್ದರೆ ಅದು ಕೈ ತೊಳೆಯುವಾಗ ಸಿಡಿಯುವ ನೀರಿಗೆ ಮಾತ್ರ. ಹಳೆ ಜನತಾಗೆ ಅದೂ ಇಲ್ಲ.

ಅಂಟು ಬಿಡುತ್ತಿದ್ದರೆ ಮುಚ್ಚಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಅಂಟುಪಟ್ಟಿ ಹಾಕಿ, ಒಂದು ದಿನ ಕಟ್ಟದೆ ಬಿಡಿ. ಕ್ಷಣದಲ್ಲಿ ಹಿಡಿಯುವ ಗೋಂದು ಬೇಡವೇ ಬೇಡ. ಅದರ ಆವಿ ಸುತ್ತ ಬಿಳಿ ಪುಡಿಯಾಗಿ ಕೂರುತ್ತದೆ, ಮುಂದೆ ಕೀಳಲೂ ಆಗುವುದಿಲ್ಲ.

ಬೆಲ್ಟಿನೊಳಗೆ ಎನ್‌ಎಫ್‌ಸಿ ಚೀಟಿ (ಫೋನ್ ತಾಗಿಸಿದರೆ ಓದಿಕೊಳ್ಳುವ ಪುಟ್ಟ ಚಿಪ್ಪಿನ ಚೀಟಿ) ಹಾಕಿ, ಫೋನ್ ಅದನ್ನು ಓದುತ್ತಿಲ್ಲ ಅಂತ ಒಬ್ಬರು ಕೇಳಿದ್ದರು. ಚೀಟಿ ಲೋಹಕ್ಕೆ ತಾಗಿಕೊಂಡಿದ್ದರೆ ಓದುವುದಿಲ್ಲ. ಚರ್ಮದ ಕಡೆಗೆ ಸರಿಸಿ, ಅಥವಾ ಲೋಹದ ಅಡ್ಡಿ ತಪ್ಪಿಸಲು ಅಡಿಗೆ ಫೆರೈಟ್ ಹಾಳೆ ಇರುವ ಚೀಟಿ ತನ್ನಿ. ಅಂಥ ಖಾಲಿ ಚೀಟಿಗೆ ಬ್ಯಾಂಕ್ ಕಾರ್ಡನ್ನು ನಕಲು ಮಾಡಿಕೊಂಡು ಅಂಗಡಿಯಲ್ಲಿ ತಟ್ಟಿ ದುಡ್ಡು ಕೊಡಲು ಆಗುವುದಿಲ್ಲ. ಅದು ದೋಷವಲ್ಲ, ಅದು ಇರುವುದೇ ಹಾಗೆ.

ಬಿಲ್ಲೆ ಉಬ್ಬಿದೆ, ಮುಚ್ಚಳದಿಂದ ಎದ್ದ ಹಾಗೆ ಕಾಣುತ್ತದೆ ಅಂದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿದೆ. ಒತ್ತಬೇಡಿ, ಚುಚ್ಚಬೇಡಿ, ಇನ್ನು ಚಾರ್ಜಿಗಿಡಬೇಡಿ. ಬೇರೆ ತನ್ನಿ.

ಹೆಜ್ಜೆ ಲೆಕ್ಕ ತಪ್ಪಾದರೆ

ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಬಿಲ್ಲೆಗೆ ಕಾಲು ಕಾಣುವುದಿಲ್ಲ, ಕೈ ಅಲ್ಲಾಡಿದ್ದನ್ನು ಹೆಜ್ಜೆ ಅಂದುಕೊಳ್ಳುತ್ತದೆ. ದೇವಿಮನೆ ಘಟ್ಟದ ಹೊಂಡಗಳಲ್ಲಿ ಕುಮಟೆಗೆ ಸ್ಕೂಟರಿನಲ್ಲಿ ಹೋಗಿ ಬಂದರೆ ಸಾವಿರಗಟ್ಟಲೆ ಹೆಜ್ಜೆ. ಸೊಪ್ಪಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಟ್ಟದಿಂದ ಮನೆಗೆ ನಡೆದರೆ ಹೆಚ್ಚುಕಮ್ಮಿ ಸೊನ್ನೆ. ಆ್ಯಪಿನಲ್ಲಿ ಎತ್ತರ, ಯಾವ ಕೈ ಅನ್ನುವುದನ್ನು ಸರಿಯಾಗಿ ತುಂಬಿದರೆ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ.

ಅಡಿಕೆ ಸುಲಿಯುವ ಕಾಲ ಬಂದಾಗ ಅಪ್ಪಯ್ಯ ಮೆಟ್ಟುಗತ್ತಿಯ ಮುಂದೆ ಕೂತಲ್ಲೇ ರಾತ್ರಿ ಹತ್ತರೊಳಗೆ ಒಂಬತ್ತು ಸಾವಿರ ಹೆಜ್ಜೆ ನಡೆದಿದ್ದ. ಹೆಜ್ಜೆ ಲೆಕ್ಕವನ್ನೇ ಬಂದ್ ಮಾಡಿಬಿಡುತ್ತೇನೆ ಅಂದೆ. ಬೇಡ ಅಂದ. ಮರುದಿನ ಸುಲಿಯಲು ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ.